ಹಡಗಿನ ಜೊತೆ ಗ್ಯಾಸ್ಕೆಟ್ಟೂ ಹೋಗಬೇಕು

ಮಾನ್ಯ ಸಂಪಾದಕರೇ,

ನಮ್ಮ ದೇಶದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿ ರೂಪಾಯಿ ಮುಟ್ಟಿತು ಎಂಬ ಸುದ್ದಿಯನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. 2013-14ರಲ್ಲಿ ಇದೇ ಲೆಕ್ಕ ಬರೀ 686 ಕೋಟಿ ಇತ್ತು. ನಾನು 1986ರಲ್ಲಿ ನೌಕಾಪಡೆ ಸೇರಿ, ಇಪ್ಪತ್ತೈದು ವರ್ಷ ಎಂಜಿನ್ ರೂಮಿನಲ್ಲಿ ದುಡಿದು ಬಂದವನು. ಆ ಸುದ್ದಿ ಓದಿ ಎದೆ ತುಂಬಿ ಬಂತು. ಈಗ ಮಲ್ಪೆ ದಕ್ಕೆಯಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡಿಕೊಂಡಿದ್ದೇನೆ. ರಿಪೇರಿಯವನಿಗೆ ಇಂಥ ಸುದ್ದಿ ಓದಿದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ನಾವು ಬೇರೆ ದೇಶಗಳಿಗೆ ಕೊಟ್ಟ ಹಡಗು, ಹೆಲಿಕಾಪ್ಟರ್‌ಗಳಲ್ಲಿ ಈಗ ಓಡುತ್ತಿರುವುದು ಎಷ್ಟು? ಆ ಒಂದು ಸಾಲನ್ನು ಸುದ್ದಿಯಲ್ಲಿ ಮೇಲಿಂದ ಕೆಳಗೆ ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಈ ಪತ್ರ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮಲ್ಪೆಯಲ್ಲಿ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಜೂನ್, ಜುಲೈ ಎರಡು ತಿಂಗಳು, ಒಟ್ಟು 61 ದಿನದ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ನನಗೆ ಪರಿಚಯದ ಬೋಟ್ ಮಾಲೀಕರೊಬ್ಬರು ಸೊಸೈಟಿಯಲ್ಲಿ ಸಾಲ ಎತ್ತಿ, ಹೊರದೇಶದ ಹೊಸ ಎಂಜಿನ್ ಕೂರಿಸಿದ್ದರು. ಹದಿನೆಂಟನೇ ದಿನ ನಡುಗಡಲಿನಲ್ಲಿ ಅದು ನಿಂತುಬಿಟ್ಟಿತು. ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ದಕ್ಕೆಗೆ ಎಳೆದು ತಂದರು. ರಾತ್ರಿ ಒಂಬತ್ತು ಗಂಟೆಗೆ ಬೋಟ್ ನಡೆಸುವ ತಂಡೇಲರ ಫೋನ್: "ನೇವಿ ಅಣ್ಣ, ಒಮ್ಮೆ ಬಂದು ನೋಡಿ ಮಾರಾಯ್ರೆ."

ಟಾರ್ಚ್ ಹಿಡಿದು ಕೆಳಗಿಳಿದೆ. ಡೀಸೆಲ್ ಸರಿ ಉಂಟು. ಫಿಲ್ಟರ್ ಸರಿ ಉಂಟು. ಉಪ್ಪುನೀರಿನ ಪಂಪ್ ಬಿಚ್ಚಿ ನೋಡಿದೆ. ಒಳಗಿನ ರಬ್ಬರ್ ಇಂಪೆಲ್ಲರಿನ ಒಂದು ಎಸಳೂ ಹರಿದಿಲ್ಲ. ಒಂದು ಇಂಜೆಕ್ಟರ್ ತೆಗೆದು ಹ್ಯಾಂಡ್ ಪಂಪಿಗೆ ಹಾಕಿ ಒತ್ತಿದೆ. ಡೀಸೆಲ್ ಹೊಗೆಯಷ್ಟು ನವಿರಾಗಿ ಚಿಮ್ಮಿತು, ತುದಿಯಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ಎಂಜಿನ್ ಗಟ್ಟಿಮುಟ್ಟಾಗಿಯೇ ಇತ್ತು. ತೊಂದರೆ ಇದ್ದದ್ದು ಪಕ್ಕದಲ್ಲಿ ನಾಲ್ಕು ಬೋಲ್ಟ್ ಹಾಕಿ ಕೂರಿಸಿದ್ದ ಕರಿ ಡಬ್ಬಿಯಲ್ಲಿ. ಬುತ್ತಿ ಡಬ್ಬಿಯ ಮುಚ್ಚಳದಷ್ಟು ಅಗಲ. ಎಂಜಿನ್ನಿಗೆ ಎಷ್ಟು ಡೀಸೆಲ್ ಕೊಡಬೇಕು, ಯಾವಾಗ ಕೊಡಬೇಕು ಎಂದು ಹೇಳುವ ಕಂಪ್ಯೂಟರ್ ಅದು. ಅದರೊಳಗೆ ಏನಾಗಿದೆ ಎಂದು ನೋಡಬೇಕಾದರೆ ಕಂಪನಿಯ ಲ್ಯಾಪ್‌ಟಾಪೇ ಬೇಕು, ಅವರ ಪಾಸ್‌ವರ್ಡೇ ಬೇಕು. ಅವರ ಜನ ಬರಲು ಒಂಬತ್ತು ದಿನ. ಹೊಸ ಡಬ್ಬಿ ಬರಲು ಇನ್ನೂ ಹದಿನಾಲ್ಕು ದಿನ. ಬಂಗುಡೆ ರಾಶಿ ರಾಶಿ ಬರುತ್ತಿದ್ದ ಹೊತ್ತಿನಲ್ಲಿ 23 ದಿನ ಆ ಬೋಟ್ ದಕ್ಕೆಯಲ್ಲೇ ಕಟ್ಟಿಹಾಕಿಕೊಂಡು ನಿಂತಿತು. ಕಲಾಸಿಗಳು ಹೊಟ್ಟೆಪಾಡು ನೋಡಿಕೊಂಡು ಬೇರೆ ಬೋಟಿಗೆ ಹೋದರು. ಮಾಲೀಕರು ದಿನಾ ಬೆಳಿಗ್ಗೆ ಬಂದು ಬೋಟಿನ ಮೂತಿಯ ಮೇಲೆ ಕೂತು ಹೋಗುತ್ತಿದ್ದರು. ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ಮನೆಗೆ ಆದದ್ದು ಇದು. ಇದೇ ಒಂದು ದೇಶಕ್ಕೆ ಆದರೆ?

ನಮ್ಮ ನೌಕಾಪಡೆಗೇ ಆಗಿತ್ತು. ನಾನು ಸೇರಿದ ಕಾಲಕ್ಕೆ ನಮ್ಮ ದೊಡ್ಡ ಹಡಗುಗಳಲ್ಲಿ ಹಲವು ಸೋವಿಯತ್ ಒಕ್ಕೂಟದಿಂದ ಬಂದವು. 1980ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ರಜಪೂತ್ ಹಡಗನ್ನು ಕಟ್ಟಿದ್ದು ನಿಕೊಲಾಯೆವ್ ಎಂಬ ಊರಿನಲ್ಲಿ. 1991ರಲ್ಲಿ ಸೋವಿಯತ್ ಒಡೆಯಿತು. ನಿಕೊಲಾಯೆವ್ ಉಕ್ರೇನಿನ ಪಾಲಿಗೆ ಹೋಯಿತು, ಹಡಗಿಗೆ ಬೇಕಾದ ಇನ್ನೆಷ್ಟೋ ವಸ್ತು ಮಾಡುವ ಕಾರ್ಖಾನೆಗಳು ರಷ್ಯಾದ ಪಾಲಿಗೆ. ಹೊಸ ದೇಶ, ಹೊಸ ದುಡ್ಡು, ಹೊಸ ಆಫೀಸು. ಬಿಡಿಭಾಗ ಬೇಕೆಂದು ಯಾರನ್ನು ಕೇಳುವುದು? ನಾನಿದ್ದ ಹಡಗಿನ ಹೆಸರು ಬೇಡ. ಅಲ್ಲಿ ಒಂದು ಪಂಪಿನ ಸೀಲಿಗಾಗಿ ನಾಲ್ಕು ತಿಂಗಳು ಕಾದೆವು. ಬಳೆಯಷ್ಟು ದೊಡ್ಡ ರಬ್ಬರ್ ರಿಂಗ್ ಅದು. ಕೊನೆಗೆ ರಿಫಿಟ್‌ಗೆ, ಅಂದರೆ ದೊಡ್ಡ ರಿಪೇರಿಗೆ, ನಿಂತಿದ್ದ ಇನ್ನೊಂದು ಹಡಗಿನಿಂದ ಬಿಚ್ಚಿ ತಂದು ಹಾಕಿದೆವು. ಆ ಹಡಗಿನ ಚೀಫ್ ನನ್ನ ಗೆಳೆಯ. ಅವನು ಸೀಲನ್ನು ನನ್ನ ಕೈಗಿಟ್ಟು, "ನಾಳೆ ನಾನು ಯಾರದ್ದು ಬಿಚ್ಚಲಿ?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಾಗಿ ಕೆಲವೇ ವರ್ಷಗಳಲ್ಲಿ, 1998ರಲ್ಲಿ, ಪೋಖ್ರಾನ್ ಪರೀಕ್ಷೆ ನಡೆಯಿತು. ಅಮೆರಿಕ ದಿಗ್ಬಂಧನ ಹಾಕಿತು. ನಮ್ಮ ಸೀ ಕಿಂಗ್ ಹೆಲಿಕಾಪ್ಟರ್‌ಗಳನ್ನು ಕಟ್ಟಿಕೊಟ್ಟದ್ದು ಬ್ರಿಟನ್. ಆದರೆ ಅದರ ಎಷ್ಟೋ ಭಾಗಗಳ ಕೀಲಿ ಅಮೆರಿಕದ ಕೈಯಲ್ಲಿತ್ತು. ಬಿಡಿಭಾಗ ಬರುವುದು ನಿಂತಿತು. ಒಳ್ಳೊಳ್ಳೆಯ ಹೆಲಿಕಾಪ್ಟರ್‌ಗಳು ಹ್ಯಾಂಗರಿನಲ್ಲಿ ಕೂತವು. ಆಗ ಸಿಟ್ಟು ಬಂದದ್ದು ನನಗೆ ಇನ್ನೂ ನೆನಪಿದೆ.

ಈಗಲೂ ಈ ಕಷ್ಟ ಮುಗಿದಿಲ್ಲ. 2024ರ ಡಿಸೆಂಬರ್‌ನಲ್ಲಿ ರಷ್ಯಾದ ಕಲಿನಿನ್‌ಗ್ರಾದ್‌ನಲ್ಲಿ ನಮ್ಮ ಐಎನ್‌ಎಸ್ ತುಶಿಲ್ ಸೇವೆಗೆ ಸೇರಿತು. ಹಡಗು ಕಟ್ಟಿದ್ದು ರಷ್ಯಾ. ಒಳಗಿನ ಗ್ಯಾಸ್ ಟರ್ಬೈನ್ ಉಕ್ರೇನಿನದು. ಉಕ್ರೇನ್ ತನ್ನ ಎಂಜಿನ್ನನ್ನು ರಷ್ಯಾಕ್ಕೆ ಕೊಡಲು ಒಪ್ಪದ ಕಾರಣ ಭಾರತವೇ ಅದನ್ನು ಕೊಂಡು ರಷ್ಯಾಕ್ಕೆ ಒಪ್ಪಿಸಬೇಕಾಯಿತು. ಒಬ್ಬರ ಮೇಲೊಬ್ಬರು ಬಾಂಬ್ ಹಾಕುತ್ತಿರುವ ಎರಡು ದೇಶಗಳ ಕೆಲಸ ಒಂದೇ ಹಡಗಿನಲ್ಲಿ ಉಂಟು. ಮುಂದಿನ ಮೂವತ್ತು ವರ್ಷ ಆ ಟರ್ಬೈನ್ ನೋಡಿಕೊಳ್ಳಬೇಕಾದ ಹುಡುಗರನ್ನು ನೆನೆದರೆ ಕಳವಳ ಆಗುತ್ತದೆ.

ಇಷ್ಟು ಕಾಲ ತೆಗೆದುಕೊಳ್ಳುವ ಕಡೆ ನಿಂತಿದ್ದ ನಾವು ಈಗ ಕೊಡುವ ಕಡೆಗೂ ಬಂದಿದ್ದೇವೆ. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್‌ನ 'ವರಾಹ' ಹಡಗನ್ನು ಮಂಗಳೂರಿನವರು ನೋಡಿರಬಹುದು. 2019ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಬಂದ ಹಡಗು ಇದು. ಇದೇ ಹೆಸರಿನ ಹಳೆಯ ವರಾಹ 2006ರಲ್ಲಿ ಶ್ರೀಲಂಕಾ ನೌಕಾಪಡೆಗೆ ಹೋಗಿ 'ಸಾಗರ' ಆಯಿತು. 2015ರ ಮಾರ್ಚ್‌ನಲ್ಲಿ ಮಾರಿಷಸ್‌ನಲ್ಲಿ 'ಬರಾಕುಡಾ' ಸೇವೆಗೆ ಸೇರಿತು. ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದ ಆ ಹಡಗು, ನಾವು ಬೇರೆ ದೇಶಕ್ಕೆಂದೇ ಕಟ್ಟಿ ಮಾರಿದ ಮೊದಲ ಯುದ್ಧನೌಕೆ. 2023ರ ಜುಲೈನಲ್ಲಿ, 32 ವರ್ಷ ದುಡಿದ ಐಎನ್‌ಎಸ್ ಕಿರ್ಪಾನ್ ಹಡಗನ್ನು ಆಯುಧಗಳ ಸಮೇತ ವಿಯೆಟ್ನಾಂಗೆ ಉಡುಗೊರೆ ಕೊಟ್ಟೆವು. ಅದೇ ವಿಯೆಟ್ನಾಂಗೆ 10 ಕೋಟಿ ಡಾಲರ್ ಸಾಲ ಕೊಟ್ಟು, ಆ ಸಾಲದಲ್ಲೇ 12 ಗಸ್ತು ದೋಣಿ ಕಟ್ಟಿಸಿಕೊಟ್ಟೆವು. ಐದನ್ನು ಇಲ್ಲಿ ಕಟ್ಟಿ, ಉಳಿದ ಏಳನ್ನು ಅವರ ಯಾರ್ಡಿನಲ್ಲೇ ಅವರ ಜನರ ಕೈಯಲ್ಲಿ ಕಟ್ಟಿಸಿದರು. ಇದು ನನಗೆ ತುಂಬಾ ಇಷ್ಟವಾದ ಕ್ರಮ. ಕಟ್ಟಿದ ಕೈಗೆ ರಿಪೇರಿ ಕಷ್ಟ ಅಲ್ಲ.

ದಕ್ಕೆ ಪಕ್ಕದ ಚಹಾ ಅಂಗಡಿಯಲ್ಲಿ ಈ ಮಾತು ಬಂದಾಗ, "ನಮ್ಮ ದುಡ್ಡಿನ ಹಡಗು ಬೇರೆಯವರಿಗೆ ಎಂತಕ್ಕೆ?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಅವರಿಗೆ 2021ರ ಮೇ ತಿಂಗಳು ನೆನಪು ಮಾಡಿದೆ. ಕೊರೊನಾದ ಎರಡನೇ ಅಲೆಯಲ್ಲಿ ಆಮ್ಲಜನಕ ಇಲ್ಲದೆ ಜನ ಒದ್ದಾಡುತ್ತಿದ್ದಾಗ, ಬಹ್ರೇನ್ ಕೊಟ್ಟ ದ್ರವ ಆಮ್ಲಜನಕ ಹೊತ್ತು ಐಎನ್‌ಎಸ್ ತಲ್ವಾರ್ ಬಂದು ನಿಂತದ್ದು ನಮ್ಮ ಪಣಂಬೂರಿನ ಬಂದರಿನಲ್ಲೇ. ನಂಟಸ್ತಿಕೆ ಅಂದ ಮೇಲೆ ಕೊಡುವುದೂ ಉಂಟು, ತರುವುದೂ ಉಂಟು ಅಲ್ವಾ? ಅವರು ತಲೆ ಆಡಿಸಿದರು.

ನನ್ನ ಕಾಳಜಿ ಕೊಟ್ಟ ಮೇಲಿನದ್ದು. ಆನೆ ಕೊಟ್ಟು ಅಂಕುಶಕ್ಕೆ ಜಗಳ ಆಡಿದ ಹಾಗೆ ಆಗಬಾರದು.

ಅಮೆರಿಕದವರು ಇದನ್ನು ಹೇಗೆ ಮಾಡುತ್ತಾರೆ ನೋಡಿ. ಅವರ ಒಂದು ಪದ್ಧತಿಯಲ್ಲಿ ಕಂಪನಿಗೂ ಕೊಳ್ಳುವ ದೇಶಕ್ಕೂ ನಡುವೆ ಸರ್ಕಾರವೇ ನಿಲ್ಲುತ್ತದೆ. ಕೊಳ್ಳುವ ದೇಶ ಇಂಥದ್ದು ಬೇಕು ಎಂದು ಪತ್ರ ಬರೆಯುತ್ತದೆ. ಬೆಲೆ, ಅವಧಿ, ಷರತ್ತು ಎಲ್ಲ ಹಾಕಿ ಅವರ ರಕ್ಷಣಾ ಇಲಾಖೆ ಮರುಪತ್ರ ಕಳಿಸುತ್ತದೆ. ಮೊತ್ತ ದೊಡ್ಡದಾದರೆ 1976ರ ಕಾನೂನಿನ ಪ್ರಕಾರ ಮೊದಲೇ ಅಲ್ಲಿನ ಸಂಸತ್ತಿಗೆ ತಿಳಿಸಬೇಕು. ಯಾವ ದೇಶಕ್ಕೆ ಏನು, ಎಷ್ಟು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಸರ್ಕಾರವೇ ಕಂಪನಿಯಿಂದ ಕೊಂಡು ಒಪ್ಪಿಸುತ್ತದೆ. ಅದಕ್ಕೆ ಒಂದಿಷ್ಟು ಆಡಳಿತ ಶುಲ್ಕವನ್ನೂ ಹಿಡಿದುಕೊಳ್ಳುತ್ತದೆ. ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು. ಬರೀ ಯಂತ್ರ ಮಾರಿ ಕೈ ತೊಳೆದುಕೊಳ್ಳುವ ಲೆಕ್ಕ ಅಲ್ಲಿಲ್ಲ. ಬಿಡಿಭಾಗ, ಕೈಪಿಡಿ, ತರಬೇತಿ, ರಿಪೇರಿಯ ಉಪಕರಣ, ಶುರುವಿನ ಕೆಲವು ವರ್ಷದ ಬೆಂಬಲ, ಎಲ್ಲ ಸೇರಿಸಿ ಒಂದೇ ಗಂಟು. ಟೋಟಲ್ ಪ್ಯಾಕೇಜ್ ಅನ್ನುತ್ತಾರೆ.

ಅವರು ಇದನ್ನು ಸುಮ್ನೆ ಪ್ರೀತಿಗೆ ಮಾಡುವುದಿಲ್ಲ ಎಂದು ನನಗೆ ಗೊತ್ತು. ಕೊಟ್ಟ ಮೇಲೂ ಬಂದು ತಪಾಸಣೆ ಮಾಡುವ ಹಕ್ಕು ಇಟ್ಟುಕೊಳ್ಳುತ್ತಾರೆ. 2007ರಲ್ಲಿ ಅವರಿಂದ ಕೊಂಡ ಐಎನ್‌ಎಸ್ ಜಲಾಶ್ವ ಹಡಗಿನ ಷರತ್ತುಗಳ ಬಗ್ಗೆ ನಮ್ಮ ಸಿಎಜಿ ವರದಿಯೇ ಆಕ್ಷೇಪ ಎತ್ತಿತ್ತು. ಅದು ನನಗೂ ಹಿಡಿಸಲಿಲ್ಲ. ಆದರೆ ಗಂಟು ಕಟ್ಟುವ ಕ್ರಮವನ್ನು ಅವರಿಂದ ಕಲಿಯಲೇಬೇಕು. ಖರ್ಚು ಎಷ್ಟು ಬರುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2020ರಲ್ಲಿ ನಾವು ಅವರಿಂದ 24 ಸೀಹಾಕ್ ಹೆಲಿಕಾಪ್ಟರ್ ಕೊಳ್ಳಲು ಸಹಿ ಹಾಕಿದೆವು. 2025ರ ನವೆಂಬರ್‌ನಲ್ಲಿ ಅದೇ ಹೆಲಿಕಾಪ್ಟರ್‌ಗಳ ಬಿಡಿಭಾಗ, ರಿಪೇರಿ, ತರಬೇತಿಗೆಂದು ಮತ್ತೆ ಸುಮಾರು 7,995 ಕೋಟಿ ರೂಪಾಯಿಗೆ ಸಹಿ ಬಿತ್ತು. ಕೊಂಡದ್ದನ್ನು ಸಾಕುವ ಖರ್ಚು ಇದು.

ನಾವು ಸರಿ ಮಾಡಿದ್ದೂ ಉಂಟು. ಫಿಲಿಪ್ಪೀನ್ಸ್ ಜೊತೆ 2022ರ ಜನವರಿಯಲ್ಲಿ ಬ್ರಹ್ಮೋಸ್ ಕ್ಷಿಪಣಿಗೆ ಸುಮಾರು 37.5 ಕೋಟಿ ಡಾಲರ್ ಒಪ್ಪಂದ ಆಯಿತು. ಓಡಿಸುವವರಿಗೂ ರಿಪೇರಿಯವರಿಗೂ ತರಬೇತಿ ಕೊಡುವುದು ಅದರಲ್ಲೇ ಸೇರಿತ್ತು. 2024ರ ಏಪ್ರಿಲ್‌ನಲ್ಲಿ ವಾಯುಪಡೆಯ ವಿಮಾನ ಮೊದಲ ಕಂತು ಹೊತ್ತು ಮನಿಲಾ ಕಡೆ ಹಾರುವ ಮೊದಲೇ ಅವರ ಸೈನಿಕರು ನಾಗಪುರಕ್ಕೆ ಬಂದು ಕಲಿತು ಹೋಗಿದ್ದರು. ಸರಕು ಮುಟ್ಟುವ ಮೊದಲೇ ಕಲಿತ ಕೈಗಳು ತಯಾರಿದ್ದವು.

ಕೆಟ್ಟದ್ದನ್ನೂ ಹೇಳಬೇಕು, ಯಾಕೆಂದರೆ ಇದು ನಮ್ಮ ಬೆಂಗಳೂರಿನದು. ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್ ಏಳನ್ನು ಈಕ್ವೆಡಾರ್ ದೇಶ ಕೊಂಡಿತ್ತು. ದಕ್ಷಿಣ ಅಮೆರಿಕಕ್ಕೆ ನಮ್ಮ ಹೆಲಿಕಾಪ್ಟರ್ ಹೋಯಿತು ಎಂದು ಆಗ ಎಷ್ಟು ಸಂಭ್ರಮ! ಏಳರಲ್ಲಿ ನಾಲ್ಕು ಬಿದ್ದವು. 2015ರಲ್ಲಿ ಅವರು ಒಪ್ಪಂದವನ್ನೇ ರದ್ದು ಮಾಡಿದರು. ಕೆಲವು ಅಪಘಾತಕ್ಕೆ ಪೈಲಟ್‌ಗಳ ತಪ್ಪೇ ಕಾರಣ ಎಂದು ಇಲ್ಲಿಯವರು ಹೇಳಿದರು. ಯಂತ್ರದ ದೋಷವೂ ಉಂಟು, ಬಿಡಿಭಾಗ ಹೊತ್ತಿಗೆ ಸಿಗಲಿಲ್ಲ ಎಂದು ಅವರು ಹೇಳಿದರು. ಯಾರದ್ದು ಎಷ್ಟು ಸರಿಯೋ, ಅಷ್ಟು ದೂರದ ದೇಶಕ್ಕೆ ಕೊಟ್ಟಾಗ ಹತ್ತಿರದಲ್ಲೇ ನಮ್ಮದೊಂದು ಸ್ಪೇರ್ ಉಗ್ರಾಣ, ನಾಲ್ಕು ನುರಿತ ಜನ ಇರಲೇಬೇಕು. ಮಗಳನ್ನು ದೂರದ ಊರಿಗೆ ಕೊಟ್ಟ ಮೇಲೂ ಮೊದಲ ಬಾಣಂತನ ತವರಿನದೇ ಅಲ್ವಾ? ಹಾಗೆಯೇ ಇದು.

ಮಾಲ್ಡೀವ್ಸ್ ಕತೆ ನಮಗೆ ಇನ್ನೂ ಹತ್ತಿರದ್ದು. ನಾವು ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಕೊಟ್ಟಿದ್ದೆವು. ದೂರದ ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಹೊತ್ತು ತರುವುದು ಅವುಗಳ ದೊಡ್ಡ ಕೆಲಸ. ಅಲ್ಲಿ ಸರ್ಕಾರ ಬದಲಾಗಿ, 2024ರ ಮೇ ತಿಂಗಳಲ್ಲಿ ನಮ್ಮ ಸೈನಿಕರು ವಾಪಸ್ ಬಂದರು, ಬದಲಿಗೆ ಸಿವಿಲ್ ತಂತ್ರಜ್ಞರು ಹೋದರು. ಆ ವಿಮಾನ, ಹೆಲಿಕಾಪ್ಟರ್‌ಗಳನ್ನು ಹಾರಿಸಬಲ್ಲ ಪೈಲಟ್‌ಗಳು ತಮ್ಮ ಪಡೆಯಲ್ಲಿ ಇಲ್ಲ ಎಂದು ಅವರ ರಕ್ಷಣಾ ಮಂತ್ರಿಯೇ ಆಗ ಹೇಳಿದರು. ಆ ಮಾತು ಓದಿ ನನಗೆ ಬೇಜಾರಾಯಿತು. ಮೊದಲ ಹೆಲಿಕಾಪ್ಟರ್ ಅಲ್ಲಿಗೆ ಹೋದದ್ದು 2010ರಲ್ಲಿ. ಹದಿನಾಲ್ಕು ವರ್ಷದಲ್ಲಿ ಅವರ ಮಕ್ಕಳ ಕೈಗೆ ಆ ವಿದ್ಯೆ ಪೂರಾ ದಾಟಲಿಲ್ಲ ಎಂದರೆ ಅದು ಇಬ್ಬರ ಸೋಲು. ಆದರೂ ಒಂದು ಒಳ್ಳೆಯದು ನಡೆಯಿತು. ಮನಸ್ತಾಪದ ಬಿಸಿ ಪೂರ್ತಿ ಆರುವ ಮೊದಲೇ, 2024ರ ನವೆಂಬರ್‌ನಲ್ಲಿ, ನಾವು ಕೊಟ್ಟ 'ಹುರಾವೀ' ಗಸ್ತು ಹಡಗು ರಿಫಿಟ್‌ಗೆಂದು ಮುಂಬೈ ಡಾಕ್‌ಯಾರ್ಡಿಗೆ ಬಂತು. ಖರ್ಚು ಭಾರತದ್ದೇ. ಮಾತು ಬಿಟ್ಟಿದ್ದ ಮನೆಯವರು ಬಾವಿ ನೀರಿಗೆ ಬಂದಾಗ ಹಗ್ಗ ಕೊಡವನ್ನು ನಾವೇ ಎತ್ತಿಕೊಟ್ಟಂತಾಯಿತು.

ನಾನು ಎರಡು ವರ್ಷ ಲೋನಾವಾಲಾದ ಐಎನ್‌ಎಸ್ ಶಿವಾಜಿ ಎಂಬ ನೌಕಾಪಡೆಯ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಎಂಜಿನ್ ಕೆಲಸ ಕಲಿಸಿದವನು. ಸ್ನೇಹದ ದೇಶಗಳಿಂದ ಅಲ್ಲಿಗೆ ಕಲಿಯಲು ಬರುತ್ತಾರೆ. ಮಾರಿಷಸ್‌ನ ಒಬ್ಬ ಹುಡುಗ ಇದ್ದ. ಮೈಕ್ರೋಮೀಟರ್ ಹಿಡಿದರೆ ಉಸಿರು ಬಿಗಿಹಿಡಿದು ಅಳೆಯುತ್ತಿದ್ದ. ಒಂದು ರಾತ್ರಿ ಹನ್ನೊಂದು ಗಂಟೆಗೆ ವರ್ಕ್‌ಶಾಪಿನಲ್ಲಿ ದೀಪ ಉರಿಯುತ್ತಿತ್ತು. ಬೈಯಲೆಂದು ಒಳಗೆ ಹೋದೆ. ಎಂಜಿನ್ನಿನ ಬಿಡಿಭಾಗಗಳ ಪುಸ್ತಕ ಮುಂದಿಟ್ಟುಕೊಂಡು, ಒಂದೊಂದು ಭಾಗದ ಗುರುತಿನ ನಂಬರನ್ನೂ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಳ್ಳುತ್ತಿದ್ದ. ಸೋರದಂತೆ ಎರಡು ಭಾಗಗಳ ನಡುವೆ ಇಡುವ ಗ್ಯಾಸ್ಕೆಟ್, ವಾಷರ್, ಸ್ಪ್ರಿಂಗ್, ಒಂದನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಚಿತ್ರ. ಯಾಕಪ್ಪಾ ಎಂದು ಕೇಳಿದೆ. "ಊರಿಗೆ ಹೋದ ಮೇಲೆ ಯಾರನ್ನು ಕೇಳಲಿ ಚೀಫ್?" ಎಂದ. ಬೈಯಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಕೂತು ಒಂದು ಗಂಟೆ ನಾನು ಓದಿ ಹೇಳಿದೆ, ಅವನು ಬರೆದುಕೊಂಡ. ಬರಾಕುಡಾ ಹೋಯಿತೆಂದು ಪೇಪರಿನಲ್ಲಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ನೋಟ್‌ಬುಕ್.

ಈ ವಿಷಯದಲ್ಲಿ ನಮ್ಮ ಕರಾವಳಿಗೆ ಕೆಲಸ ಉಂಟು ಎಂದೇ ಇಷ್ಟು ಬರೆದೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಈಗ ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ಗಳನ್ನು ಕಟ್ಟುತ್ತಿದ್ದಾರೆ. ನಾರ್ವೆಯ ಕಂಪನಿಯೊಂದು ಸರಕು ಹಡಗು ಕಟ್ಟಿಕೊಡಿ ಎಂದು ಇಲ್ಲಿಗೇ ಹೇಳಿದೆ. ನಾರ್ವೆಯವರು ನಂಬುವ ಕೈಗಳಿಗೆ ನೆರೆಯ ದ್ವೀಪಗಳ ಸಣ್ಣ ಗಸ್ತು ಹಡಗುಗಳ ರಿಪೇರಿ ಕಷ್ಟವಾಗಲಿಕ್ಕಿಲ್ಲ. ಮಾಲ್ಡೀವ್ಸ್ ರಾಜಧಾನಿ ಮಾಲೆಯಿಂದ ಮುಂಬೈಗೆ ಹೋಗುವುದಕ್ಕಿಂತ ನಮ್ಮ ಕರಾವಳಿ ಹತ್ತಿರ. ಕಾರವಾರದಲ್ಲಿ ನೌಕಾನೆಲೆ ಉಂಟು. 2025ರ ಏಪ್ರಿಲ್‌ನಲ್ಲಿ ಒಂಬತ್ತು ದೇಶಗಳ 44 ಮಂದಿ ನಾವಿಕರು ನಮ್ಮವರ ಜೊತೆ ಐಎನ್‌ಎಸ್ ಸುನಯನಾ ಹತ್ತಿ ಹೊರಟದ್ದು ಅಲ್ಲಿಂದಲೇ. ಅಷ್ಟು ದೂರದಿಂದ ಬಂದವರಿಗೆ ಗಸ್ತಿನ ಜೊತೆ ರಿಪೇರಿಯನ್ನೂ ಇಲ್ಲೇ ಕಲಿಸಬಹುದಲ್ಲ. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿಯ ಸಣ್ಣ ವರ್ಕ್‌ಶಾಪುಗಳಿಗೆ ಅಳತೆ, ಡ್ರಾಯಿಂಗ್ ಕೊಟ್ಟು, ನೌಕಾಪಡೆಯ ತಪಾಸಣೆ ಇಟ್ಟರೆ ಸೀಲು, ಬುಶ್, ಇಂಪೆಲ್ಲರ್ ಎಲ್ಲ ಇಲ್ಲೇ ಆಗುತ್ತದೆ. ನಮ್ಮಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಗಲ್ಫ್ ವೀಸಾ ಕಾಯುತ್ತಾ ಕೂತಿದ್ದಾರೆ. ಅವರಲ್ಲಿ ಇಬ್ಬರು ನನ್ನ ಜೊತೆ ಕೆಲಸಕ್ಕೆ ಬರುತ್ತಾರೆ. ಎಂಜಿನ್ ಶಬ್ದ ಕೇಳಿಯೇ ಎಷ್ಟನೇ ಸಿಲಿಂಡರ್ ಹೊಡೆಯುತ್ತಿಲ್ಲ ಎಂದು ಹೇಳುತ್ತಾರೆ. ಇಂಥ ಕಿವಿ ಇರುವ ಮಕ್ಕಳು ದಾರಿ ಕಾಯುತ್ತಾ ಕೂರಬಾರದು.

ನಮ್ಮ ಸಂಸದರಲ್ಲಿ ಒಂದು ಕೋರಿಕೆ. ರಕ್ಷಣಾ ಸಚಿವಾಲಯ ಪ್ರತಿ ವರ್ಷ ರಫ್ತಿನ ಕೋಟಿಗಳ ಲೆಕ್ಕ ಕೊಡುತ್ತದೆ. 2029ಕ್ಕೆ 50,000 ಕೋಟಿ ಗುರಿ ಎಂದೂ ಹೇಳಿದೆ. ಅದರ ಜೊತೆ ಓಡುವ ಲೆಕ್ಕವನ್ನೂ ಸಂಸತ್ತಿನಲ್ಲಿ ಕೇಳಿ. ಕೊಟ್ಟದ್ದರಲ್ಲಿ ಎಷ್ಟು ಕಡಲಲ್ಲಿ, ಎಷ್ಟು ದಕ್ಕೆಯಲ್ಲಿ? ಬಿಡಿಭಾಗ ಕೇಳಿದ ಪತ್ರಕ್ಕೆ ಎಷ್ಟು ದಿನದಲ್ಲಿ ಭಾಗ ಮುಟ್ಟುತ್ತದೆ? ಆಯುಧದ ಗುಟ್ಟು ಹೇಳಬೇಕಾಗಿಲ್ಲ, ಕೆಲವು ದೇಶಗಳ ಹೆಸರನ್ನೂ ಬೇಕಾದರೆ ಮುಚ್ಚಿಡಲಿ. ಒಂದು ಪಂಪಿನ ಸೀಲು ಎಷ್ಟು ದಿನದಲ್ಲಿ ಹೋಗುತ್ತದೆ ಎನ್ನುವುದರಲ್ಲಿ ಯಾವ ಗುಟ್ಟೂ ಇಲ್ಲ.

ನಿಮ್ಮಲ್ಲೂ ಒಂದು ಕೋರಿಕೆ ಸಂಪಾದಕರೇ. ಮುಂದಿನ ಸಲ ರಫ್ತಿನ ಅಂಕಿಅಂಶ ಹೊರಬಂದಾಗ ನಿಮ್ಮ ದೆಹಲಿ ವರದಿಗಾರರು ನನ್ನ ಪರವಾಗಿ ಒಂದು ಪ್ರಶ್ನೆ ಕೇಳಲಿ: ಮಾರಿಷಸ್‌ನ ಬರಾಕುಡಾ ಹೋದ ತಿಂಗಳು ಎಷ್ಟು ದಿನ ಕಡಲಿನಲ್ಲಿತ್ತು?

– ನಿವೃತ್ತ ನೌಕಾಪಡೆ ಚೀಫ್ ಆರ್ಟಿಫಿಸರ್, ಮಲ್ಪೆ, ಉಡುಪಿ